ಮುಳುಗಿದ ಹಡಗಿನ ಚಿನ್ನ ಎತ್ತಿದವನ ಪಾಲಾಗಬೇಕೇ?

ಪ್ರಶ್ನೆ: ಕಡಲ ತಳದಲ್ಲಿ ಯಾರಿಗೂ ಸೇರದೆ ಬಿದ್ದಿರುವ ಚಿನ್ನವನ್ನು ಕೋಟಿಗಟ್ಟಲೆ ಖರ್ಚು ಮಾಡಿ ಎತ್ತಿದ ಕಂಪನಿ ಅದನ್ನು ಮಾರಿಕೊಂಡರೆ ತಪ್ಪೇನು?
— ಸಿಂಧನೂರಿನ ಓದುಗರೊಬ್ಬರು

ಉತ್ತರ: ಮೊದಲು ‘ಯಾರಿಗೂ ಸೇರದ’ ಎಂಬ ಮಾತನ್ನೇ ನೋಡೋಣ. 1804ರಲ್ಲಿ ಪೋರ್ಚುಗಲ್ ಬಳಿ ಸ್ಪೇನಿನ ಮೆರ್ಸೆದೆಸ್ ಎಂಬ ಯುದ್ಧನೌಕೆ ಇನ್ನೂರಕ್ಕೂ ಹೆಚ್ಚು ಜನರೊಂದಿಗೆ ಮುಳುಗಿತು. 2007ರಲ್ಲಿ ಒಡಿಸ್ಸಿ ಎಂಬ ಅಮೆರಿಕದ ಕಂಪನಿ ಅದರಿಂದ ಐದು ಲಕ್ಷಕ್ಕೂ ಹೆಚ್ಚು ನಾಣ್ಯಗಳನ್ನು ಎತ್ತಿತು. ಸ್ಪೇನ್ ತನ್ನ ಹಕ್ಕು ಮಂಡಿಸಿ ಅಮೆರಿಕದ ನ್ಯಾಯಾಲಯದಲ್ಲೇ ಗೆದ್ದಿತು; 2012ರಲ್ಲಿ ನಾಣ್ಯಗಳೆಲ್ಲ ವಿಮಾನದಲ್ಲಿ ಸ್ಪೇನ್ ತಲುಪಿದವು. ಆ ಹಡಗಿಗೆ ವಾರಸುದಾರರಿದ್ದರು. ಅದು ಅಷ್ಟು ಜನರ ಸಮಾಧಿಯೂ ಆಗಿತ್ತು.

ಮಾಲೀಕತ್ವದ ಜಗಳ ಬದಿಗಿಟ್ಟರೂ ದೊಡ್ಡ ನಷ್ಟವೊಂದು ಉಳಿಯುತ್ತದೆ. 1752ರಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಮುಳುಗಿದ ಡಚ್ ಹಡಗು ಗೆಲ್ಡರ್‌ಮಾಲ್ಸೆನ್ ಅನ್ನು ಮುಳುಗಿದ ಹಡಗುಗಳ ಸರಕು ಎತ್ತಿ ಮಾರುವ ಮೈಕೆಲ್ ಹ್ಯಾಚರ್ 1985ರಲ್ಲಿ ಪತ್ತೆ ಮಾಡಿದರು. ಸುಮಾರು ಒಂದೂವರೆ ಲಕ್ಷ ಪಿಂಗಾಣಿ ಪಾತ್ರೆಗಳು, 125 ಚಿನ್ನದ ಗಟ್ಟಿಗಳು ಮರುವರ್ಷವೇ ಆಮ್‌ಸ್ಟರ್‌ಡ್ಯಾಮಿನ ಹರಾಜಿನಲ್ಲಿ ಬಿಕರಿಯಾಗಿ ಊರೂರಿಗೆ ಚದುರಿದವು. ಹಡಗಿನ ಮರದ ಒಡಲು ಹೇಗಿತ್ತು, ಯಾವ ಸರಕು ಎಲ್ಲಿ ಜೋಡಿಸಿತ್ತು ಎಂಬುದು ಸರಿಯಾಗಿ ದಾಖಲಾಗಲೇ ಇಲ್ಲ. ಹರಾಜಿನಲ್ಲಿ ಅದಕ್ಕೆ ಬೆಲೆಯಿರಲಿಲ್ಲ.

ಅದೇ ಹೊತ್ತಿಗೆ ಟರ್ಕಿಯ ಉಲುಬುರುನ್ ಕರಾವಳಿಯಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. ಸ್ಪಂಜು ತೆಗೆಯುವ ಮುಳುಗುಗಾರನೊಬ್ಬ ಕಂಡ ಸುಮಾರು 3,300 ವರ್ಷ ಹಿಂದಿನ ಹಡಗದು. ಪುರಾತತ್ವಜ್ಞರು 1984ರಿಂದ 1994ರವರೆಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ನೀರಿಗಿಳಿದು ಪ್ರತಿ ವಸ್ತುವಿನ ಜಾಗವನ್ನೂ ಗುರುತು ಹಾಕಿಕೊಂಡರು. ಸಿಕ್ಕಿದ್ದು ಸುಮಾರು ಹತ್ತು ಟನ್ ತಾಮ್ರ, ಒಂದು ಟನ್ ತವರ. ಕಂಚು ಮಾಡಲು ಬೇಕಾದ ಪಾಕವೇ ಅದು! ಆ ಕಾಲದ ಲೋಹದ ವ್ಯಾಪಾರವೆಲ್ಲ ಒಂದೇ ಹಡಗಿನಲ್ಲಿ ತೆರೆದುಕೊಂಡಿತು. ಗಟ್ಟಿಗಳನ್ನು ಒಂದೊಂದಾಗಿ ಮಾರಿದ್ದರೆ ಈ ಲೆಕ್ಕ ಯಾರಿಗೂ ಸಿಗುತ್ತಿರಲಿಲ್ಲ. ಹನ್ನೊಂದು ಬೇಸಿಗೆ ಕಾಯುವ ಹೂಡಿಕೆದಾರರು ಎಲ್ಲಿದ್ದಾರೆ?

ನೀವಿರುವ ಸಿಂಧನೂರಿಗೆ ಮಸ್ಕಿ ದೂರವಿಲ್ಲ. 1915ರಲ್ಲಿ ಅಲ್ಲಿನ ಶಾಸನವನ್ನು ಗುರುತಿಸಿದವರು ಚಿನ್ನದ ಗಣಿಯ ಎಂಜಿನಿಯರ್ ಬೀಡನ್. ದೇವಾನಾಂಪ್ರಿಯ ಎಂಬ ರಾಜ ಅಶೋಕನೇ ಎಂದು ಖಚಿತಪಡಿಸಿದ್ದು ಆ ಬಂಡೆ. ಒಡೆದು ಮಾರಿದರೆ ಅದರಿಂದ ಕಾಸು ಹುಟ್ಟುತ್ತಿರಲಿಲ್ಲ. ಅದೇ ನೆಲದ ಮಗ್ಗುಲಲ್ಲಿ, ಆನೆಗೊಂದಿಯ ನವವೃಂದಾವನದಲ್ಲಿ, 2019ರ ಜುಲೈನಲ್ಲಿ ನಿಧಿಗಳ್ಳರು ವ್ಯಾಸರಾಜರ ವೃಂದಾವನವನ್ನು ಒಡೆದರು. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕಂಪನಿಗಳ ವಾದದಲ್ಲಿ ಹುರುಳೇ ಇಲ್ಲವೆಂದಲ್ಲ. ಸರ್ಕಾರಗಳ ಬಳಿ ಹಣವಿರುವುದಿಲ್ಲ, ಮೀನುಗಾರಿಕೆಯ ಬಲೆಗಳು ಹಡಗುಗಳನ್ನು ಹರಿಯುತ್ತವೆ, ಕಳ್ಳರೂ ಕಾಯುವುದಿಲ್ಲ. ಇಂಡೋನೇಷ್ಯಾದ ಬೆಲಿತುಂಗ್ ಬಳಿ 1998ರಲ್ಲಿ ಸಿಕ್ಕ ಒಂಬತ್ತನೇ ಶತಮಾನದ ಹಡಗಿನ ಸರಕನ್ನು ಕಂಪನಿಯೊಂದು ಎತ್ತಿತು. ಸಾವಿರಾರು ಪಿಂಗಾಣಿಗಳ ಆ ರಾಶಿ ಬಹುಪಾಲು ಒಟ್ಟಿಗೇ ಸಿಂಗಪುರಕ್ಕೆ ಮಾರಾಟವಾಯಿತು. ಹರಾಜಿಗಿಂತ ಇದು ಎಷ್ಟೋ ಮೇಲು. ಆದರೂ ಎತ್ತಿದ ರೀತಿಗೆ ಪುರಾತತ್ವಜ್ಞರು ಆಕ್ಷೇಪವೆತ್ತಿ, ಅಮೆರಿಕದಲ್ಲಿ ನಡೆಯಬೇಕಿದ್ದ ಅದರ ಪ್ರದರ್ಶನ 2011ರಲ್ಲಿ ನಿಂತಿತು.

ನನ್ನ ನಿಲುವು ಇಷ್ಟು: ಎತ್ತಿದವರಿಗೆ ಕೂಲಿ ಕೊಡಬೇಕು, ಸಿಕ್ಕ ವಸ್ತುವಿನಲ್ಲಿ ಪಾಲು ಕೊಡಬಾರದು. ಪಾಲು ಎಂದ ಕೂಡಲೇ ಮುಳುಗುಗಾರನ ಕೈ ಚಿನ್ನದ ಕಡೆಗೇ ಓಡುತ್ತದೆ; ದಿನಗೂಲಿಯಿದ್ದರೆ ಒಡೆದ ಮಡಕೆಯನ್ನೂ ಅಳೆದು ಬರೆದಿಡಲು ಅವನಿಗೆ ಪುರುಸೊತ್ತು ಇರುತ್ತದೆ. ಯುನೆಸ್ಕೋದ 2001ರ ಒಪ್ಪಂದವೂ ನೂರು ವರ್ಷಕ್ಕೂ ಹೆಚ್ಚು ಕಾಲ ನೀರಿನಲ್ಲಿದ್ದ ಪರಂಪರೆಯನ್ನು ವ್ಯಾಪಾರಕ್ಕಿಡಕೂಡದು, ಆದಷ್ಟು ಇದ್ದಲ್ಲೇ ಕಾಪಾಡಬೇಕು ಎನ್ನುತ್ತದೆ.

ಹೊಲದಲ್ಲಿ ನೇಗಿಲಿಗೆ ಏನಾದರೂ ತಗುಲಿದರೆ ಅದನ್ನು ಅಲುಗಿಸಬೇಡಿ, ತೊಳೆಯಬೇಡಿ. ತಹಶೀಲ್ದಾರರಿಗೆ ಅಥವಾ ಜಿಲ್ಲಾಧಿಕಾರಿಗಳಿಗೆ ತಿಳಿಸಿ. ಎಷ್ಟು ಆಳದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಎಂದು ಪುರಾತತ್ವದವರು ಬಂದಾಗ ಕೇಳುತ್ತಾರೆ.