ಲಾನ್ ಮೋವರ್‌ನ ಎಂಜಿನ್ ಎಷ್ಟು ವೇಗದಲ್ಲಿ ತಿರುಗಬೇಕು?

ಪ್ರಶ್ನೆ: ನಮ್ಮಲ್ಲಿ 21 ಇಂಚು ಬ್ಲೇಡಿನ, ಹಿಂದೆ ನಡೆಯುತ್ತ ತಳ್ಳುವ ಪೆಟ್ರೋಲ್ ಲಾನ್ ಮೋವರ್ ಇದೆ. ಮಳೆಗಾಲದಲ್ಲಿ ಹುಲ್ಲು ದಟ್ಟವಾದಾಗ ಎಂಜಿನ್ ಸೋಲುತ್ತದೆ. ಗವರ್ನರ್ (ಎಂಜಿನ್ ವೇಗವನ್ನು ಹದದಲ್ಲಿಡುವ ಭಾಗ) ಸ್ಪ್ರಿಂಗ್ ಬಿಗಿಮಾಡಿ ವೇಗ ಹೆಚ್ಚಿಸಬಹುದೇ? ಸರಿಯಾದ ವೇಗ ಎಷ್ಟು?

ಉತ್ತರ: ಕೈಪಿಡಿಯಲ್ಲಿ ನಮೂದಿಸಿದ ವೇಗವನ್ನು ಮೀರಿ ಹೆಚ್ಚಿಸಬಾರದು. ಇಂಥ ಯಂತ್ರಗಳಲ್ಲಿ ಲಿವರನ್ನು ಪೂರ್ತಿ ವೇಗಕ್ಕೆ ಸರಿಸಿದಾಗ, ಹುಲ್ಲಿನ ಹೊರೆ ಇಲ್ಲದಿದ್ದರೆ, ಎಂಜಿನ್ ಸಾಮಾನ್ಯವಾಗಿ ನಿಮಿಷಕ್ಕೆ 2,900ರಿಂದ 3,300 ಸುತ್ತು ತಿರುಗುತ್ತದೆ. ನಿಮ್ಮ ಮಾದರಿಯ ಖಚಿತ ಅಂಕಿಯನ್ನು ಕೈಪಿಡಿಯಲ್ಲಿಯೇ ನೋಡಬೇಕು.

ಇದೇ ಗಾತ್ರದ ಎಂಜಿನ್‌ಗಳು ನೀರಿನ ಪಂಪುಗಳಲ್ಲಿ 3,600 ಸುತ್ತಿನವರೆಗೂ ಓಡುವುದರಿಂದ, ಮೋವರ್‌ನಲ್ಲಿಯೂ ಇನ್ನಷ್ಟು ವೇಗಕ್ಕೆ ಅವಕಾಶವಿದೆ ಎಂದು ಹಲವರು ಭಾವಿಸುತ್ತಾರೆ. ಆದರೆ ಇಲ್ಲಿ ಮಿತಿಯನ್ನು ನಿರ್ಧರಿಸುವುದು ಎಂಜಿನ್ ಅಲ್ಲ, ಬ್ಲೇಡು. ಅದು ಎಂಜಿನ್ ತಿರುಗಿಸುವ ದಂಡವಾದ ಕ್ರ್ಯಾಂಕ್‌ಶಾಫ್ಟಿನ ತುದಿಗೇ ನೇರವಾಗಿ ಜೋಡಣೆಯಾಗಿರುವುದರಿಂದ ಎಂಜಿನ್ ಎಷ್ಟು ಸುತ್ತುತ್ತದೆಯೋ ಅದೂ ಅಷ್ಟೇ ಸುತ್ತುತ್ತದೆ. 21 ಇಂಚಿನ ಬ್ಲೇಡು 3,000 ಸುತ್ತಿನಲ್ಲಿದ್ದಾಗ ಅದರ ತುದಿ ಸೆಕೆಂಡಿಗೆ ಸುಮಾರು 84 ಮೀಟರ್, ಅಂದರೆ ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿರುತ್ತದೆ. ಅಮೆರಿಕದ ಸುರಕ್ಷತಾ ಮಾನದಂಡ ಈ ತುದಿಯ ವೇಗಕ್ಕೆ ನಿಮಿಷಕ್ಕೆ 19,000 ಅಡಿ, ಅಂದರೆ ಸೆಕೆಂಡಿಗೆ ಸುಮಾರು 96.5 ಮೀಟರ್ ಎಂಬ ಮೇಲ್ಮಿತಿ ಹಾಕಿದೆ. 3,600 ಸುತ್ತಿಗೆ ಏರಿಸಿದರೆ ನಿಮ್ಮ ಬ್ಲೇಡು ಆ ಗೆರೆಯನ್ನು ದಾಟುತ್ತದೆ. ವೇಗ ಏರಿದ್ದು ಐದನೆಯ ಒಂದು ಪಾಲು ಮಾತ್ರವಾದರೂ ಬ್ಲೇಡನ್ನು ಹೊರಕ್ಕೆಳೆಯುವ ಬಲ ಶೇ. 44ರಷ್ಟು ಹೆಚ್ಚುತ್ತದೆ. ಬಿರುಕು ಬಿಟ್ಟ ಬ್ಲೇಡು ತುಂಡಾಗಿ ಸಿಡಿದರೆ, ಅಥವಾ ಅದಕ್ಕೆ ಸಿಕ್ಕಿದ ಕಲ್ಲು ಹಾರಿದರೆ, ಪಕ್ಕದಲ್ಲಿ ನಿಂತ ಮಗುವಿಗೆ ಏನಾದೀತು ಎಂಬುದನ್ನು ಸ್ಪ್ರಿಂಗಿಗೆ ಕೈಹಾಕುವ ಮೊದಲು ದಯವಿಟ್ಟು ಯೋಚಿಸಿ.

ಹಾಗೆಂದು ಪೆಟ್ರೋಲ್ ಉಳಿಸಲು ಅರ್ಧ ವೇಗದಲ್ಲಿ ಓಡಿಸುವುದೂ ಸರಿಯಲ್ಲ. ಬ್ಲೇಡಿನ ಮೇಲಕ್ಕೆ ಬಾಗಿದ ಅಂಚು ಎಬ್ಬಿಸುವ ಗಾಳಿಯೇ ಹುಲ್ಲನ್ನು ನೆಟ್ಟಗೆ ನಿಲ್ಲಿಸುತ್ತದೆ. ವೇಗ ತಗ್ಗಿದರೆ ಹುಲ್ಲು ಕತ್ತರಿಸುವ ಬದಲು ಹರಿದು, ತುದಿಗಳು ಕಂದುಬಣ್ಣಕ್ಕೆ ತಿರುಗುತ್ತವೆ. ಎಂಜಿನ್‌ಗೆ ತಂಪುಗಾಳಿ ಬೀಸುವುದು ಅದರೊಂದಿಗೇ ತಿರುಗುವ ಫ್ಲೈವೀಲ್ ಎಂಬ ಚಕ್ರದ ರೆಕ್ಕೆಗಳಾದ್ದರಿಂದ, ಕಡಿಮೆ ವೇಗದಲ್ಲಿ ಹೆಚ್ಚು ಹೊರೆ ಹೊರಿಸಿದರೆ ಅದು ಕಾಯುತ್ತದೆ.

ವೇಗವನ್ನು ಕಿವಿಯಿಂದ ಅಂದಾಜಿಸಲಾಗದು, ಸುತ್ತು ಎಣಿಸುವ ಟ್ಯಾಕೋಮೀಟರ್ ಬೇಕೇ ಬೇಕು. ಸ್ಪಾರ್ಕ್ ಪ್ಲಗ್ ವೈರಿಗೆ ಸುತ್ತುವ ಅಗ್ಗದ ಮೀಟರ್ ಸಾಕು. ಆದರೆ ಇಂಥ ಬಹುತೇಕ ಫೋರ್‌ಸ್ಟ್ರೋಕ್ ಎಂಜಿನ್‌ಗಳಲ್ಲಿ ಪ್ರತಿ ಸುತ್ತಿಗೂ ಒಂದು ಕಿಡಿ ಹಾರುವುದರಿಂದ ಮೀಟರನ್ನೂ ಸುತ್ತಿಗೊಂದು ಕಿಡಿ ಎಂದೇ ಹೊಂದಿಸಬೇಕು. ಇಲ್ಲದಿದ್ದರೆ ಅದು ಇಮ್ಮಡಿ ವೇಗ ತೋರಿಸುತ್ತದೆ. ಕಲ್ಲುಮಣ್ಣಿಲ್ಲದ ಗಟ್ಟಿ ಸಮನೆಲದಲ್ಲಿ ಎಂಜಿನ್ ಐದು ನಿಮಿಷ ಓಡಿ ಬಿಸಿಯಾದ ಮೇಲೆ ಪೂರ್ತಿ ವೇಗದಲ್ಲಿ ಅಳೆಯಿರಿ. ಅಂಕಿ ಕೈಪಿಡಿಗಿಂತ ಬೇರೆಯಾಗಿದ್ದರೆ, ಎಂಜಿನ್ ನಿಲ್ಲಿಸಿ, ಪ್ಲಗ್ಗಿನ ಕ್ಯಾಪ್ ಕಿತ್ತ ಬಳಿಕವೇ ಕೈಪಿಡಿ ಹೇಳಿದ ಸ್ಕ್ರೂವನ್ನು ಸ್ವಲ್ಪ ತಿರುಗಿಸಿ, ಅಥವಾ ಸ್ಪ್ರಿಂಗ್ ಸಿಕ್ಕಿಸಿರುವ ತಗಡಿನ ಕಿವಿಯನ್ನು ತುಸು ಬಾಗಿಸಿ, ಮತ್ತೆ ಅಳೆಯಬೇಕು. ವೇಗ ಬದಲಿಸುವ ಲಿವರೇ ಇಲ್ಲದ ಮಾದರಿಗಳಿಗೂ ಇದೇ ಕ್ರಮ.

ನಿಮ್ಮ ಎಂಜಿನ್ ಸೋಲುವುದಕ್ಕೆ ಕಾರಣ ಬಹುಶಃ ಬೇರೆಯೇ ಇದೆ. ಹೊರೆ ಬಿದ್ದಾಗ ಗವರ್ನರ್ ತಾನಾಗಿಯೇ ಥ್ರಾಟಲ್ (ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಬಿಡುವ ಕವಾಟ) ತೆರೆಯುತ್ತದೆ. ಅದು ಪೂರ್ತಿ ತೆರೆದ ಮೇಲೂ ವೇಗ ಕುಸಿದರೆ ಸ್ಪ್ರಿಂಗ್ ಬಿಗಿಮಾಡಿ ಫಲವಿಲ್ಲ, ಏಕೆಂದರೆ ಎಂಜಿನ್ ಕೊಡಬಹುದಾದ ಶಕ್ತಿಯೆಲ್ಲ ಆಗಲೇ ಮುಗಿದಿರುತ್ತದೆ. ಏರ್ ಫಿಲ್ಟರಿನ ಕೊಳೆ, ಮೊಂಡಾದ ಬ್ಲೇಡು, ಬ್ಲೇಡನ್ನು ಮುಚ್ಚಿರುವ ಡೆಕ್ಕಿನ ಒಳಮೈಗೆ ಅಂಟಿದ ಹಸಿ ಹುಲ್ಲು, ಇವನ್ನು ಮೊದಲು ನೋಡಿ. ಎತ್ತರದ ಹುಲ್ಲನ್ನು ಒಮ್ಮೆ ಬ್ಲೇಡು ಮೇಲಕ್ಕೆತ್ತಿ, ಎರಡನೆಯ ಬಾರಿ ತಗ್ಗಿಸಿ ಕತ್ತರಿಸಿ. ಹೊರೆಯಿಲ್ಲದಾಗಲೂ ವೇಗ ಏರುತ್ತ ಇಳಿಯುತ್ತ ಅಲೆದಾಡುತ್ತಿದ್ದರೆ, ಅದು ಹೆಚ್ಚಾಗಿ ಹಳೆಯ ಪೆಟ್ರೋಲಿನಿಂದ ಕಟ್ಟಿಕೊಂಡ ಕಾರ್ಬ್ಯುರೇಟರ್ ಜೆಟ್ಟಿನ (ಪೆಟ್ರೋಲ್ ಹರಿಯುವ ಸಣ್ಣ ರಂಧ್ರದ) ದೋಷ; ಜೆಟ್ ಸ್ವಚ್ಛಗೊಳಿಸಿದ ಮೇಲೆಯೇ ವೇಗವನ್ನು ಅಳೆಯಿರಿ.