ಹೊಸ ದಾಂಪತ್ಯದ ಮಿಲನದಲ್ಲಿ ನೋವೇಕೆ?

ಮಕ್ಕಳಾಗಿಲ್ಲವೆಂದು ಅತ್ತೆಯನ್ನೋ ತಾಯಿಯನ್ನೋ ಜೊತೆಗೆ ಕರೆದುಕೊಂಡು ಬರುವ ಯುವತಿಯರಲ್ಲಿ ಕೆಲವರನ್ನು ಒಬ್ಬರನ್ನೇ ಕೂರಿಸಿಕೊಂಡು ಮಾತನಾಡಿಸಿದಾಗ, ಮದುವೆಯಾಗಿ ಎರಡು ವರ್ಷ ಕಳೆದಿದ್ದರೂ ಮಿಲನವೇ ಪೂರ್ಣವಾಗಿ ನಡೆದಿಲ್ಲವೆಂಬುದು ತಿಳಿಯುತ್ತದೆ. ಅಷ್ಟರೊಳಗೆ ಹಾರ್ಮೋನ್ ಪರೀಕ್ಷೆ, ಸ್ಕ್ಯಾನಿಂಗ್ ವರದಿಗಳ ದಪ್ಪ ಕಡತವೊಂದು ಅವರ ಕೈಚೀಲದಲ್ಲಿ ಸೇರಿರುತ್ತದೆ. ಸೇರುವಾಗ ನೋವಾಗುತ್ತದೆಯೇ ಎಂದು ಮಾತ್ರ ಯಾರೂ ಕೇಳಿರುವುದಿಲ್ಲ. ನಾನು ಕೇಳಿದರೆ, "ಮೊದಮೊದಲು ಎಲ್ಲರಿಗೂ ಆಗುತ್ತೆ, ತಡ್ಕೋಬೇಕು ಅಂತ ಅಕ್ಕ ಹೇಳಿದ್ರು ಮೇಡಂ" ಎಂಬ ಉತ್ತರ ಬರುತ್ತದೆ. ಆ ಅಕ್ಕನಿಗೆ ಕೆಟ್ಟ ಉದ್ದೇಶವಿರುವುದಿಲ್ಲ. ಅವರಿಗೂ ಯಾರೋ ಹಾಗೆಯೇ ಹೇಳಿರುತ್ತಾರೆ. ಆದರೂ ಈ ಸಲಹೆಯಷ್ಟು ಹಾನಿ ಮಾಡಿದ ಸಲಹೆಯನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿದ್ದು ಕಡಿಮೆ.

ದೇಹವು ಮಿಲನಕ್ಕೆ ಸಿದ್ಧವಾಗಲು ಸಮಯ ಬೇಕು. ಮನಸ್ಸು ಹಗುರಾಗಿ, ಸ್ಪರ್ಶ ಹಿತವೆನಿಸಿದಾಗ ಯೋನಿಯ ಗೋಡೆಗಳಿಗೆ ರಕ್ತದ ಹರಿವು ಹೆಚ್ಚುತ್ತದೆ, ಅದರಿಂದ ತೆಳುವಾದ ದ್ರವ ಜಿನುಗಿ ಒಳಭಾಗ ಒದ್ದೆಯಾಗುತ್ತದೆ, ಯೋನಿಯ ಒಳತುದಿ ಹಿಗ್ಗಿ ಉದ್ದವಾಗುತ್ತದೆ ಮತ್ತು ಗರ್ಭಕೋಶ ಸ್ವಲ್ಪ ಮೇಲಕ್ಕೆ ಸರಿಯುತ್ತದೆ. ಮದುವೆಯ ಓಡಾಟದಿಂದ ದಣಿದು, ನಿದ್ದೆಗೆಟ್ಟು, ಗೋಡೆಯಾಚೆ ನೆಂಟರು ತುಂಬಿರುವ ಮನೆಯಲ್ಲಿ, ಇನ್ನೂ ಪರಿಚಯವೇ ಆಗದ ವ್ಯಕ್ತಿಯೊಂದಿಗೆ ಪ್ರಸ್ತದ ರಾತ್ರಿ ಕಳೆಯುವ ಹೆಣ್ಣಿನಲ್ಲಿ ಇದು ಯಾವುದೂ ನಡೆಯದಿದ್ದರೆ ಆಶ್ಚರ್ಯವಿಲ್ಲ. ಒಣಗಿರುವ ಜಾಗದಲ್ಲಿ ತಿಕ್ಕಾಟವಾದರೆ ಉರಿಯುತ್ತದೆ, ಕೆಲವೊಮ್ಮೆ ಚರ್ಮ ಸಣ್ಣಗೆ ಸೀಳುತ್ತದೆ. ಆ ರಾತ್ರಿಯೇ ಎಲ್ಲವೂ ಆಗಬೇಕೆಂಬ ನಿಯಮ ಶರೀರಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲ.

ಕನ್ಯಾಪೊರೆಯ ಬಗೆಗಿನ ಭಯ ಇದಕ್ಕೆ ಜೊತೆಯಾಗುತ್ತದೆ. ಅದು ದಾರಿಯನ್ನು ಮುಚ್ಚಿರುವ ಪರದೆಯೆಂದು ಬಹಳಷ್ಟು ಜನ ನಂಬಿದ್ದಾರೆ; ವಾಸ್ತವದಲ್ಲಿ ಅದು ಯೋನಿದ್ವಾರದ ಅಂಚಿನಲ್ಲಿರುವ, ಹಿಗ್ಗಬಲ್ಲ, ತೆಳುವಾದ ಮಡಿಕೆ. ಮುಟ್ಟಿನ ರಕ್ತ ಹೊರಬರುವ ದಾರಿ ಅದರಲ್ಲಿ ಮೊದಲಿನಿಂದಲೂ ಇರುತ್ತದೆ. ಮೊದಲ ಮಿಲನದಲ್ಲಿ ಕೆಲವರಿಗೆ ನಾಲ್ಕು ಹನಿ ರಕ್ತ ಕಾಣಿಸಬಹುದು, ಅನೇಕರಿಗೆ ಕಾಣಿಸುವುದೇ ಇಲ್ಲ, ಅದರಿಂದ ಹೆಣ್ಣಿನ ಹಿಂದಿನ ಬದುಕಿನ ಬಗ್ಗೆ ಏನನ್ನೂ ತೀರ್ಮಾನಿಸಲಾಗದು. ಹೆಣ್ಣಿಗೆ ಮೊದಲೇ ಮಿಲನದ ಅನುಭವವಿತ್ತೇ ಎಂದು ಯೋನಿಯೊಳಗೆ ಬೆರಳಿಟ್ಟು ನೋಡುವ, ಅತ್ಯಾಚಾರ ಪ್ರಕರಣಗಳಲ್ಲಿ ನಡೆಸುತ್ತಿದ್ದ ಎರಡು ಬೆರಳಿನ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಸ್ಪಷ್ಟವಾಗಿ ಹೇಳಿ, ಅದನ್ನು ವೈದ್ಯಕೀಯ ಪಠ್ಯದಿಂದಲೂ ತೆಗೆಯುವಂತೆ ಸೂಚಿಸಿತು. ಮನೆಗಳಲ್ಲಿ ಹಾಸಿಗೆಯ ಮೇಲಿನ ಕಲೆಯನ್ನು ಹುಡುಕುವ ಕಣ್ಣುಗಳಿಗೂ ಈ ಮಾತು ತಲುಪಬೇಕೆಂಬುದು ನನ್ನ ಆಸೆ. ಅಪರೂಪಕ್ಕೆ ಈ ಪೊರೆ ದಪ್ಪವಾಗಿರುತ್ತದೆ ಅಥವಾ ನಡುವೆ ಎಳೆಯೊಂದು ಅಡ್ಡವಿರುತ್ತದೆ. ಅದಕ್ಕೆ ಸಣ್ಣ ಶಸ್ತ್ರಚಿಕಿತ್ಸೆ ಸಾಕು.

ನೋವನ್ನು ಹಲ್ಲುಕಚ್ಚಿ ಸಹಿಸಿದಾಗ ಏನಾಗುತ್ತದೆಂಬುದನ್ನು ದಂಪತಿಗಳಿಗೆ ವಿವರಿಸಲು ನಾನು ಕಣ್ಣಿನ ರೆಪ್ಪೆಯ ಉದಾಹರಣೆ ಕೊಡುತ್ತೇನೆ. ಕಣ್ಣಿನತ್ತ ಏನಾದರೂ ಬಂದರೆ ನಾವು ಬೇಡವೆಂದುಕೊಂಡರೂ ರೆಪ್ಪೆ ಮುಚ್ಚುತ್ತದೆ. ಹಾಗೆಯೇ ಮೂತ್ರಚೀಲ, ಗರ್ಭಕೋಶ, ಗುದನಾಳಗಳನ್ನು ಕೆಳಗಿನಿಂದ ಜೋಳಿಗೆಯಂತೆ ಹೊತ್ತಿರುವ ಸ್ನಾಯುಗಳು, ಒಮ್ಮೆ ನೋವು ಕಂಡ ಮೇಲೆ, ಮುಂದಿನ ಪ್ರಯತ್ನದ ಸುಳಿವು ಸಿಕ್ಕ ಕೂಡಲೇ ತಾವಾಗಿಯೇ ಬಿಗಿಯುತ್ತವೆ. ಬಿಗಿದ ಕಡೆ ಒತ್ತಿದರೆ ಮತ್ತಷ್ಟು ನೋವು, ಆ ನೋವಿನಿಂದ ಇನ್ನಷ್ಟು ಬಿಗಿತ. ಇದನ್ನು ವೆಜೈನಿಸ್ಮಸ್ ಎನ್ನುತ್ತೇವೆ. ಗೋಡೆಗೆ ತಾಗಿದ ಹಾಗಾಗುತ್ತದೆ ಎಂದು ಗಂಡಂದಿರು ಹೇಳುವುದು ಇದನ್ನೇ. ಹೆಂಡತಿಗೆ ತಾನು ಇಷ್ಟವಿಲ್ಲವೆಂದು ಗಂಡ ಭಾವಿಸುತ್ತಾನೆ, ತನ್ನಲ್ಲೇ ದೋಷವಿದೆಯೆಂದು ಹೆಂಡತಿ ಕೊರಗುತ್ತಾಳೆ, ಕೆಲವು ತಿಂಗಳಲ್ಲಿ ಆತಂಕದಿಂದ ಗಂಡನ ನಿಮಿರುವಿಕೆಯೂ ತಪ್ಪುತ್ತದೆ, ಆಗ ಅವರು ಒಂದರ ಬದಲು ಎರಡು ತೊಂದರೆಗಳೊಂದಿಗೆ ನಮ್ಮ ಮುಂದೆ ಕೂರುತ್ತಾರೆ.

ಎಲ್ಲ ನೋವೂ ಸ್ನಾಯುಗಳದ್ದಲ್ಲ. ಆದ್ದರಿಂದ ನೋವು ದ್ವಾರದಲ್ಲೋ ಆಳದಲ್ಲೋ ಎಂಬುದನ್ನು ಗಮನಿಸಿ ಬಂದು ಹೇಳಿದರೆ ನಮ್ಮ ಕೆಲಸ ಅರ್ಧ ಮುಗಿದಂತೆ. ದ್ವಾರದಲ್ಲಿ ಉರಿ, ತುರಿಕೆ, ಒಡೆದ ಮೊಸರಿನಂತಹ ಬಿಳಿಸೆರಗು ಇದ್ದರೆ ಶಿಲೀಂಧ್ರದ ಸೋಂಕಿರಬಹುದು. ಮಿಲನದ ಮರುದಿನ ಉರಿಮೂತ್ರ ಕಾಣಿಸಿದರೆ ಮೂತ್ರದ ಸೋಂಕನ್ನು ನೋಡಬೇಕಾಗುತ್ತದೆ. ಆಳದಲ್ಲಿ ಚುಚ್ಚಿದಂತಾಗಿ, ಮುಟ್ಟಿನ ದಿನಗಳಲ್ಲಿಯೂ ಏಳಲಾಗದಷ್ಟು ಹೊಟ್ಟೆನೋವು ಇರುವವರಲ್ಲಿ ಎಂಡೋಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂತಹ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ, ಇದೆಯೇ ಎಂದು ಹುಡುಕುತ್ತೇವೆ. ನೋವು ಗಂಡಿಗೂ ಆಗಬಹುದು: ಮುಂದೊಗಲು ಬಿಗಿಯಾಗಿದ್ದರೆ ಅಥವಾ ಅದರ ಕೆಳಗಿನ ಎಳೆ ಹರಿದರೆ ಆತನೂ ಸಂಕೋಚ ಬಿಟ್ಟು ವೈದ್ಯರಿಗೆ ತೋರಿಸಬೇಕು. ಜ್ವರ, ದುರ್ವಾಸನೆಯ ಸ್ರಾವ, ಮಿಲನದ ನಂತರ ಮತ್ತೆಮತ್ತೆ ರಕ್ತ ಅಥವಾ ನಿಲ್ಲದ ರಕ್ತಸ್ರಾವವಿದ್ದಲ್ಲಿ ಕಾಯಬಾರದು.

ಒಣಗುವಿಕೆಗೆ ಔಷಧಿ ಅಂಗಡಿಯಲ್ಲಿ ಸಿಗುವ, ನೀರು ಆಧಾರಿತ ಲೂಬ್ರಿಕೆಂಟ್ ಜೆಲ್ ಒಳ್ಳೆಯದು. ನಮ್ಮಲ್ಲಿ ಕೊಬ್ಬರಿ ಎಣ್ಣೆ ಹಚ್ಚುವುದು ರೂಢಿ. ಆದರೆ ಎಣ್ಣೆ ತಾಗಿದ ಲೇಟೆಕ್ಸ್ ಕಾಂಡೋಮ್ ದುರ್ಬಲಗೊಂಡು ಹರಿಯುತ್ತದೆಂಬುದು ನೆನಪಿರಲಿ. ಯೋನಿಯ ಒಳಭಾಗವನ್ನು ಸಾಬೂನಿನಿಂದ ತೊಳೆಯುವುದು ಬೇಡ. ಮರಗಟ್ಟಿಸುವ ಮುಲಾಮು ಹಚ್ಚಿಕೊಂಡು ಅಥವಾ ಮದ್ಯ ಕುಡಿದು ಮುಂದುವರಿಯುವ ಸಲಹೆಯನ್ನು ನಾನು ಕಟುವಾಗಿಯೇ ವಿರೋಧಿಸುತ್ತೇನೆ, ಏಕೆಂದರೆ ಆಗ ಗಾಯವಾಗುತ್ತಿದ್ದರೂ ತಿಳಿಯುವುದಿಲ್ಲ.

ವೆಜೈನಿಸ್ಮಸ್ ಇದೆಯೆಂದು ಅನ್ನಿಸಿದಾಗ ನಾನು ಮೊದಲು ಮಾಡುವುದು, ಕೆಲವು ವಾರಗಳ ಕಾಲ ಪ್ರವೇಶದ ಪ್ರಯತ್ನವನ್ನೇ ಇಬ್ಬರೂ ಸೇರಿ ನಿಲ್ಲಿಸುವಂತೆ ಹೇಳುವುದು. ಮುಟ್ಟುವುದು, ಅಪ್ಪಿಕೊಳ್ಳುವುದು ಇರಲಿ. ಆಕೆ ಸಾಕೆಂದ ಕ್ಷಣಕ್ಕೆ ಅದೂ ನಿಲ್ಲಲಿ. ಮೊದಲ ಭೇಟಿಯಲ್ಲಿ ಒಳಪರೀಕ್ಷೆಗೆ ಒತ್ತಾಯಿಸುವುದಿಲ್ಲ. ಮುಂದೆ ಉಸಿರನ್ನು ನಿಧಾನವಾಗಿ ಬಿಡುತ್ತಾ ಸ್ನಾಯುಗಳನ್ನು ಬಿಗಿದು ಸಡಿಲಿಸುವುದನ್ನು ಕಲಿಸುತ್ತೇವೆ, ತನ್ನ ದೇಹವನ್ನು ಕನ್ನಡಿಯಲ್ಲಿ ನೋಡಲು, ತನ್ನ ಬೆರಳಿನಿಂದ ಮುಟ್ಟಲು ಹೇಳುತ್ತೇವೆ, ಅನಂತರ ಕಿರುಬೆರಳಿಗಿಂತ ಸಣ್ಣದರಿಂದ ಆರಂಭಿಸಿ ಗಾತ್ರದಲ್ಲಿ ಏರುವ ಡೈಲೇಟರ್‌ಗಳನ್ನು, ಅಂದರೆ ಯೋನಿಯೊಳಗೆ ನಿಧಾನವಾಗಿ ಸೇರಿಸಿ ಅಭ್ಯಾಸ ಮಾಡುವ ನುಣುಪಾದ ಕೊಳವೆಯಾಕಾರದ ಸಾಧನಗಳನ್ನು, ಆಕೆಯ ಕೈಗೇ ಕೊಡುತ್ತೇವೆ. ಭಯ ಆಳವಾಗಿದ್ದರೆ, ಹಿಂದೆ ದೌರ್ಜನ್ಯಕ್ಕೆ ಒಳಗಾಗಿದ್ದರೆ, ಆಪ್ತಸಮಾಲೋಚಕರ ನೆರವು ಬೇಕಾಗುತ್ತದೆ. ಬಹಳಷ್ಟು ಹೆಣ್ಣುಮಕ್ಕಳು ಇದರಿಂದ ಗುಣವಾಗುತ್ತಾರೆ. ಎರಡು ವರ್ಷ ಕಡತ ಹೊತ್ತು ತಿರುಗಿದ ಒಬ್ಬಾಕೆ ಮೂರನೆಯ ಗಾತ್ರದ ಡೈಲೇಟರ್ ನೋವಿಲ್ಲದೆ ಬಳಸಲು ಸಾಧ್ಯವಾದ ವಾರ ಗಂಡನೊಂದಿಗೆ ಬಂದಿದ್ದಳು. ನಾಲ್ಕನೆಯದಕ್ಕೆ ಹದಿನೈದು ದಿನ ಸಮಯ ತೆಗೆದುಕೊಳ್ಳಬಹುದೇ ಎಂದು ಕೇಳಿದವನು ಆತನೇ.