ಆ್ಯಂಟಿಬಯಾಟಿಕ್ ಪ್ರಾಸ್ಟೇಟ್ ಕ್ಯಾನ್ಸರಿಗೆ ಮದ್ದಾದೀತೆ?

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ನಾವು ಇಂದು ಬರೆದುಕೊಡುವ ಅಬಿರಾಟೆರೋನ್ ಮಾತ್ರೆಯ ಮೂಲವನ್ನು ಹುಡುಕುತ್ತ ಹೋದರೆ ಶಿಲೀಂಧ್ರ ಸೋಂಕಿನ ಒಂದು ಔಷಧಕ್ಕೆ ಬಂದು ಮುಟ್ಟುತ್ತೇವೆ. 1980ರ ದಶಕದ ಆರಂಭದಲ್ಲಿ ಕೀಟೊಕೊನಜೋಲ್ ಸೇವಿಸುತ್ತಿದ್ದ ಕೆಲವು ಗಂಡಸರಿಗೆ ಎದೆ ಊದಿಕೊಳ್ಳತೊಡಗಿತು. ಅದೊಂದು ಅಡ್ಡಪರಿಣಾಮ ಎಂದು ಬರೆದಿಟ್ಟು ವೈದ್ಯರು ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. ರಕ್ತ ಪರೀಕ್ಷಿಸಿದಾಗ ಟೆಸ್ಟೋಸ್ಟಿರಾನ್ ಎಂಬ ಪುರುಷ ಹಾರ್ಮೋನು ಕುಸಿದಿರುವುದು ಕಂಡಿತು. ಶಿಲೀಂಧ್ರದ ಕೋಶಪೊರೆಗೆ ಬೇಕಾದ ಕಿಣ್ವವನ್ನು ತಡೆಯಲೆಂದು ಮಾಡಿದ ಔಷಧ, ವೃಷಣ ಮತ್ತು ಅಡ್ರಿನಲ್ ಗ್ರಂಥಿಗಳಲ್ಲಿ ಪುರುಷ ಹಾರ್ಮೋನು ತಯಾರಿಸುವ, ಅದೇ ಬಳಗದ ಇನ್ನೊಂದು ಕಿಣ್ವವನ್ನೂ ತಡೆಯುತ್ತಿತ್ತು.

ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯುವುದು ಪುರುಷ ಹಾರ್ಮೋನಿನ ಬಲದಿಂದ ಎಂದು ವೈದ್ಯ ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದ್ದರು. ಹಾಗಾಗಿ ಕೀಟೊಕೊನಜೋಲನ್ನು ಕ್ಯಾನ್ಸರ್ ರೋಗಿಗಳಿಗೆ ಕೊಡಲು ಹೆಚ್ಚು ಕಾಲ ಹಿಡಿಯಲಿಲ್ಲ. ದಿನಕ್ಕೆ ಮೂರು ಬಾರಿ 400 ಮಿಲಿಗ್ರಾಂ, ಜೊತೆಗೆ ಅಡ್ರಿನಲ್ ಹಾರ್ಮೋನಿನ ಕೊರತೆ ತುಂಬಲು ಹೈಡ್ರೊಕಾರ್ಟಿಸೋನ್. ಹೊಟ್ಟೆ ತೊಳಸುತ್ತಿತ್ತು, ಯಕೃತ್ತಿಗೆ ಏಟು ಬೀಳುತ್ತಿತ್ತು. 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಈ ಔಷಧ ಸೇರಿಸಿಕೊಂಡವರಲ್ಲಿ ಶೇ 27 ಮಂದಿಯ ರಕ್ತದಲ್ಲಿ, ಪ್ರಾಸ್ಟೇಟ್ ಕೋಶಗಳು ತಯಾರಿಸುವ ಪ್ರೋಟೀನ್ ಆದ ಪಿಎಸ್‌ಎ ಅರ್ಧಕ್ಕಿಂತ ಕೆಳಗಿಳಿಯಿತು. ಸೇರಿಸಿಕೊಳ್ಳದವರಲ್ಲಿ ಶೇ 11. ಆಯುಷ್ಯ ಮಾತ್ರ ಹೆಚ್ಚಾದದ್ದು ಕಾಣಲಿಲ್ಲ. ಇದಕ್ಕೂ ಮೊದಲೇ, 1990ರ ದಶಕದಲ್ಲಿ, ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಕ್ಯಾನ್ಸರ್ ರಿಸರ್ಚ್‌ನ ವಿಜ್ಞಾನಿಗಳು ಪುರುಷ ಹಾರ್ಮೋನು ತಯಾರಿಸುವ ಆ ಒಂದೇ ಕಿಣ್ವವನ್ನು ಗುರಿಯಾಗಿಸಿ ಹೊಸ ಅಣುವನ್ನು ಕಟ್ಟಿದರು. ಅದೇ ಅಬಿರಾಟೆರೋನ್. ಕೀಮೋಥೆರಪಿಯ ನಂತರವೂ ರೋಗ ಮುಂದುವರಿದವರಲ್ಲಿ ಅದು ಮಧ್ಯಮ ಬದುಕುಳಿಯುವಿಕೆಯನ್ನು (ಅರ್ಧದಷ್ಟು ರೋಗಿಗಳು ಬದುಕಿರುವ ಅವಧಿಯನ್ನು) 10.9 ತಿಂಗಳಿನಿಂದ 14.8 ತಿಂಗಳಿಗೆ ಏರಿಸಿತು. 2011ರಲ್ಲಿ ಮಾನ್ಯತೆ ಪಡೆಯಿತು.

ಕೀಟೊಕೊನಜೋಲ್ ಬ್ಯಾಕ್ಟೀರಿಯಾ ಕೊಲ್ಲುವ ಔಷಧವಲ್ಲ, ನಿಜ. ಆದರೂ ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಸೋಂಕಿನ ಔಷಧಕ್ಕೆ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಹೊಸ ಕೆಲಸ ಹುಡುಕುವವರ ಮುಂದೆ ಇರುವ ಗಟ್ಟಿ ಉದಾಹರಣೆ ಇದೇ. ಇಲ್ಲಿ ಸುಳಿವು ಸಿಕ್ಕಿದ್ದು ಮನುಷ್ಯರ ದೇಹದಲ್ಲಿ, ಮನುಷ್ಯರು ನುಂಗಬಲ್ಲ ಪ್ರಮಾಣದಲ್ಲಿ. ಈಗ ಸುದ್ದಿಯಾಗುವ ಆ್ಯಂಟಿಬಯಾಟಿಕ್‌ಗಳ ಸುಳಿವು ಹೆಚ್ಚಾಗಿ ಬರುವುದು ಕೋಶಗಳನ್ನು ಬೆಳೆಸುವ ಪ್ರಯೋಗಾಲಯದ ತಟ್ಟೆಯಿಂದ.

ಹಾಗೆಂದು ಆ ಸುಳಿವುಗಳನ್ನು ನಾನು ತಳ್ಳಿಹಾಕುವುದಿಲ್ಲ. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ವಿಷಯವನ್ನೇ ನೋಡಿ. ನಮ್ಮ ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಬಹು ಪುರಾತನ ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಾ ಆಗಿದ್ದವು. ಅವುಗಳೊಳಗೆ ಪ್ರೋಟೀನ್ ತಯಾರಿಸುವ ರೈಬೋಸೋಮ್ ಇಂದಿಗೂ ಬ್ಯಾಕ್ಟೀರಿಯಾದ್ದನ್ನೇ ಹೋಲುತ್ತದೆ. ಬ್ಯಾಕ್ಟೀರಿಯಾದ ರೈಬೋಸೋಮನ್ನು ನಿಲ್ಲಿಸುವ ಡಾಕ್ಸಿಸೈಕ್ಲಿನ್, ಪ್ರಮಾಣ ಹೆಚ್ಚಿದರೆ ಮೈಟೋಕಾಂಡ್ರಿಯಾಕ್ಕೂ ತಡೆಯೊಡ್ಡುತ್ತದೆ. ಪ್ರಾಸ್ಟೇಟಿನಲ್ಲಿ ಇದಕ್ಕೆ ವಿಶೇಷ ಅರ್ಥವಿದೆ. ಆರೋಗ್ಯವಂತ ಪ್ರಾಸ್ಟೇಟ್ ಕೋಶಗಳು ಸತುವನ್ನು ಅಪಾರವಾಗಿ ಕೂಡಿಟ್ಟುಕೊಳ್ಳುತ್ತವೆ; ಆ ಸತು ಮೈಟೋಕಾಂಡ್ರಿಯಾದ ಶಕ್ತಿಚಕ್ರವನ್ನು ನಡುವಿನಲ್ಲೇ ತಡೆಯುವುದರಿಂದ ಸಿಟ್ರೇಟ್ ಎಂಬ ರಾಸಾಯನಿಕ ಉಳಿದು ಸ್ರಾವದಲ್ಲಿ ಸೇರುತ್ತದೆ. ಕೋಶ ಕ್ಯಾನ್ಸರಿಗೆ ತಿರುಗಿದಾಗ ಸತು ಖಾಲಿಯಾಗುತ್ತದೆ, ಶಕ್ತಿಚಕ್ರ ಪೂರ್ತಿ ತಿರುಗತೊಡಗುತ್ತದೆ. ಹೆಚ್ಚಿನ ಕ್ಯಾನ್ಸರುಗಳು ಸಕ್ಕರೆಯನ್ನು ಎಳೆದುಕೊಂಡು ಬೆಳೆದರೆ, ಪ್ರಾಸ್ಟೇಟ್ ಕ್ಯಾನ್ಸರ್ ಆರಂಭದ ಹಂತದಲ್ಲಿ ಮೈಟೋಕಾಂಡ್ರಿಯಾವನ್ನು ಹೆಚ್ಚು ನೆಚ್ಚಿಕೊಳ್ಳುತ್ತದೆ. ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುವ ಕೋಶಗಳನ್ನು ಗುರುತಿಸುವ ಪೆಟ್ ಸ್ಕ್ಯಾನ್ ಆ ಹಂತದಲ್ಲಿ ಅಷ್ಟಾಗಿ ನೆರವಾಗದಿರುವುದಕ್ಕೂ ಇದೊಂದು ಕಾರಣ. ಹೀಗಿರುವಾಗ ಮೈಟೋಕಾಂಡ್ರಿಯಾಕ್ಕೆ ಪೆಟ್ಟು ಕೊಡುವ, ಅಗ್ಗದ, ದಶಕಗಳಿಂದ ಪರಿಚಿತವಾದ ಮಾತ್ರೆಯೊಂದು ಸಂಶೋಧಕರ ಕಣ್ಣಿಗೆ ಬೀಳುವುದು ಸಹಜ.

ತೊಡಕಿರುವುದು ಪ್ರಮಾಣದಲ್ಲಿ. ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಪ್ರಾಸ್ಟೇಟ್ ಅಂಗಾಂಶದಲ್ಲಿ ರಕ್ತಕ್ಕಿಂತ ಹೆಚ್ಚು ಶೇಖರಗೊಳ್ಳುತ್ತದೆ, ಪ್ರಯೋಗಾಲಯದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳನ್ನು ಸಾಯಿಸುತ್ತದೆ. ಎರಡನ್ನೂ ಜೋಡಿಸಿದರೆ ಆಸೆ ಹುಟ್ಟುತ್ತದೆ. ಆದರೆ ಆ ಪ್ರಯೋಗಗಳಲ್ಲಿ ಬಳಸಿದ್ದು ಮಿಲಿಲೀಟರಿಗೆ ಹತ್ತಾರು, ಕೆಲವೊಮ್ಮೆ ನೂರಾರು ಮೈಕ್ರೊಗ್ರಾಂ. 500 ಮಿಲಿಗ್ರಾಂನ ಒಂದು ಮಾತ್ರೆ ನುಂಗಿದಾಗ ರಕ್ತದಲ್ಲಿ ಸಿಗುವುದು ಎರಡು ಮೂರು ಮೈಕ್ರೊಗ್ರಾಂ. ನಡುವಿನ ಅಂತರವನ್ನು ಮಾತ್ರೆಗಳ ಸಂಖ್ಯೆ ಹೆಚ್ಚಿಸಿ ತುಂಬುವಂತಿಲ್ಲ. ಸ್ನಾಯುರಜ್ಜು ಹರಿಯುವುದು, ಮಹಾಪಧಮನಿ ಉಬ್ಬಿ ಸೀಳುವುದು ಮುಂತಾದ ಅಪಾಯಗಳ ಬಗ್ಗೆ ಈ ಗುಂಪಿನ ಔಷಧಗಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಾಗಿದೆ. ಕೋಳಿಗಳ ಆಹಾರದಲ್ಲಿ ಬೆರೆಸುವ ಸ್ಯಾಲಿನೊಮೈಸಿನ್, ಮೊನೆನ್ಸಿನ್ ಕೂಡ ತಟ್ಟೆಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತವೆ. ಮನುಷ್ಯರಿಗೆ ಅವು ವಿಷ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿರುವುದು ಬೇರೊಂದು ದಾರಿ. 2021ರಲ್ಲಿ ಕ್ಯಾನ್ಸರ್ ಸಂಶೋಧಕ ಆ್ಯಂಡ್ರಿಯಾ ಅಲಿಮೊಂಟಿ ಅವರ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ವಿಷಯವನ್ನು ಮುಂದಿಟ್ಟಿತು: ಹಾರ್ಮೋನು ತಡೆಯುವ ಚಿಕಿತ್ಸೆ ನಡೆಯುತ್ತಿರುವಾಗ ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ತಾವೇ ಪುರುಷ ಹಾರ್ಮೋನನ್ನು ತಯಾರಿಸಬಲ್ಲವು. ಆ್ಯಂಟಿಬಯಾಟಿಕ್ ಕೊಟ್ಟು ಅವುಗಳನ್ನು ಅಳಿಸಿದಾಗ, ಇಲಿಗಳಲ್ಲಿ ಗಡ್ಡೆ ಚಿಕಿತ್ಸೆಗೆ ಬಗ್ಗದ ಸ್ಥಿತಿಗೆ ತಲುಪುವುದು ತಡವಾಯಿತು. ಇಲ್ಲಿ ಔಷಧ ಕ್ಯಾನ್ಸರ್ ಕೋಶವನ್ನು ಮುಟ್ಟಬೇಕಾಗಿಯೇ ಇಲ್ಲ. ಬ್ಯಾಕ್ಟೀರಿಯಾ ಕೊಲ್ಲುವ ತನ್ನ ಹಳೆಯ ಕೆಲಸವನ್ನೇ ಮಾಡಿದರೆ ಸಾಕು. ಪ್ರಮಾಣದ ತೊಡಕು ಇಲ್ಲಿಗೆ ತಪ್ಪುತ್ತದೆ. ಆದರೆ ಕರುಳಿನ ಇಡೀ ಬ್ಯಾಕ್ಟೀರಿಯಾ ಸಮೂಹವನ್ನು ತಿಂಗಳುಗಟ್ಟಲೆ ಒರೆಸುತ್ತ ಕೂರಲಾಗದು. ತಪ್ಪು ಮಾಡುವ ಕೆಲವನ್ನು ಮಾತ್ರ ಆರಿಸಿ ಹಿಡಿಯುವ ಉಪಾಯ ಬೇಕು. ಕೀಟೊಕೊನಜೋಲಿನಿಂದ ಅಬಿರಾಟೆರೋನಿಗೆ ನಡೆದಂಥ ಪಯಣ ಇಲ್ಲಿಯೂ ಆಗಬೇಕು.

ಆ್ಯಂಟಿಬಯಾಟಿಕ್ ಸೇರಿಸಿದರೆ ನಷ್ಟವೇನು ಎಂದು ಕೇಳುವವರಿಗೆ ನಾನು ಎರಡು ಪ್ರಯೋಗಗಳನ್ನು ನೆನಪಿಸುತ್ತೇನೆ. ರಕ್ತದ ಕ್ಯಾನ್ಸರಿಗಾಗಿ ಕಾಂಡಕೋಶ ಕಸಿ ಮಾಡಿಸಿಕೊಂಡವರ ಶ್ವಾಸಕೋಶ ಕಾಪಾಡಲೆಂದು ಅಜಿಥ್ರೊಮೈಸಿನ್ ಕೊಟ್ಟಾಗ ಕ್ಯಾನ್ಸರ್ ಮರುಕಳಿಸುವುದು ಹೆಚ್ಚಿತು. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಮೂಳೆಮಜ್ಜೆಯ ಕ್ಯಾನ್ಸರ್ ಆದ ಮಯಲೋಮಾದ ಚಿಕಿತ್ಸೆಗೆ ಕ್ಲಾರಿಥ್ರೊಮೈಸಿನ್ ಸೇರಿಸಿದಾಗ ಲಾಭ ಕಾಣಲಿಲ್ಲ, ಸಾವು ಹೆಚ್ಚಿದವು. ಎರಡೂ ನಾವು ದಿನನಿತ್ಯ ಬರೆಯುವ, ನಿರಪಾಯವೆಂದು ಭಾವಿಸುವ ಮಾತ್ರೆಗಳು.

ಪ್ರಾಸ್ಟೇಟ್ ರೋಗಿಗಳಿಗೆ ಇನ್ನೂ ಹತ್ತಿರದ ಅಪಾಯವೊಂದಿದೆ. ಲಕ್ಷಣಗಳೇ ಇಲ್ಲದವರಲ್ಲಿ ಪಿಎಸ್‌ಎ ಏರಿದ್ದಕ್ಕೆ ಆ್ಯಂಟಿಬಯಾಟಿಕ್ ಕೊಟ್ಟು ಇಳಿಯುತ್ತದೆಯೇ ಎಂದು ಕಾಯುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಪಿಎಸ್‌ಎ ಔಷಧವಿಲ್ಲದೆಯೂ ಏರಿಳಿಯುತ್ತದೆ. ಇಳಿಯಿತೆಂದರೆ ಕ್ಯಾನ್ಸರ್ ಇಲ್ಲವೆಂದಲ್ಲ. ಉರಿ, ಜ್ವರ, ಮೂತ್ರದಲ್ಲಿ ಸೋಂಕು ಇದ್ದರೆ ಮಾತು ಬೇರೆ, ಆಗ ಆ್ಯಂಟಿಬಯಾಟಿಕ್ ಬೇಕೇ ಬೇಕು. ಸುಮ್ಮನೆ ನುಂಗಿದ ಸಿಪ್ರೊಫ್ಲಾಕ್ಸಸಿನ್ ಕರುಳಿನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಉಳಿಸುತ್ತದೆ. ಆಮೇಲೆ ಗುದದ್ವಾರದ ಮೂಲಕ ಬಯಾಪ್ಸಿ ಮಾಡುವಾಗ ಸೂಜಿ ಅವುಗಳನ್ನೇ ಪ್ರಾಸ್ಟೇಟಿಗೆ, ರಕ್ತಕ್ಕೆ ದಾಟಿಸಬಹುದು. ಆದ್ದರಿಂದ ಬಯಾಪ್ಸಿಗೆ ದಿನ ಗೊತ್ತಾದವರು ಕಳೆದ ಆರು ತಿಂಗಳಲ್ಲಿ ಯಾವ ಕಾರಣಕ್ಕೇ ಆಗಲಿ, ಯಾವ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದೀರಿ ಎಂಬುದನ್ನು ವೈದ್ಯರು ಕೇಳದಿದ್ದರೂ ಹೇಳಿ. ಸಾಧ್ಯವಿದ್ದರೆ ಹಳೆಯ ಚೀಟಿಗಳನ್ನೂ ತನ್ನಿ. ಅದನ್ನು ನೋಡಿ ಬಯಾಪ್ಸಿಯ ದಾರಿಯನ್ನೇ ಬದಲಿಸಿ, ಗುದದ್ವಾರದ ಬದಲು ಅದರ ಮುಂದಿನ ಚರ್ಮದ ಮೂಲಕ ಮಾದರಿ ತೆಗೆಯಲು ಬರುತ್ತದೆ.